ಹಳೆ ಜಿಪ್ಸಿ, ಹಳೆ ಜೀಪು ನೇರ ರಸ್ತೆಯಲ್ಲೂ ಓಲಾಡುತ್ತಿದೆಯೇ? ಆಟ (ಭಾಗಗಳ ನಡುವಿನ ಸಡಿಲ) ಎಲ್ಲಿದೆ ಎಂದು ಹುಡುಕುವ ಕ್ರಮ

ಸ್ಟೇರಿಂಗ್ ನೇರವಾಗಿ ಹಿಡಿದಿದ್ದರೂ ಗಾಡಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಾರುತ್ತದೆ. ತಿದ್ದಿದರೆ ಹೆಚ್ಚಾಗುತ್ತದೆ, ಮತ್ತೆ ಈಚೆಗೆ ತಿದ್ದಬೇಕು. ಎದುರಿಗೆ ಲಾರಿ ಬಂದಾಗ ಎದೆ ಝಲ್ಲೆನ್ನುತ್ತದೆ. ಹಳೆಯ ಜಿಪ್ಸಿ ಅಥವಾ ಮಹೀಂದ್ರ ಜೀಪು ಇಟ್ಟುಕೊಂಡ ಬಹುತೇಕರಿಗೆ ಇದು ಗೊತ್ತು. ‘ಜೀಪು ಅಂದರೆ ಹಾಗೇ’ ಎಂದು ಒಪ್ಪಿಕೊಂಡು ಓಡಿಸುವವರೂ ಬೇಕಾದಷ್ಟಿದ್ದಾರೆ. ಒಪ್ಪಿಕೊಳ್ಳಬೇಕಿಲ್ಲ. ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು), ಗಟ್ಟಿ ಆಕ್ಸಲ್ (ಎಡಬಲ ಚಕ್ರಗಳನ್ನು ಜೋಡಿಸುವ ಒಂದೇ ಅಡ್ಡ ದಂಡ) ಇರುವ ಗಾಡಿ ಕಾರಿನಷ್ಟು ಚುರುಕಾಗಿ ತಿರುಗದಿರಬಹುದು. ಆದರೆ ಸರಿಯಾಗಿದ್ದರೆ 70–80 ಕಿ.ಮೀ. ವೇಗದಲ್ಲಿ ಎರಡು ಬೆರಳಲ್ಲಿ ನೇರ ಹಿಡಿಯುವಷ್ಟು ಚೆನ್ನಾಗಿ ಓಡುತ್ತದೆ.

ಇಲ್ಲಿ ಮುಖ್ಯವಾಗಿ ಮಾರುತಿ ಜಿಪ್ಸಿಯನ್ನು ಇಟ್ಟುಕೊಂಡು ವಿವರಿಸಿದ್ದೇವೆ. 1985ರಲ್ಲಿ ಬಂದ 970 ಸಿಸಿ ಗಾಡಿಯಿರಲಿ, 1996ರ ನಂತರದ 1.3 ಲೀಟರ್ ಜಿಪ್ಸಿ ಕಿಂಗ್ ಇರಲಿ, ತಳದ ಜೋಡಣೆ ಒಂದೇ ಬಗೆಯದು: ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಮುಂದೆ ಹಿಂದೆ ಗಟ್ಟಿ ಆಕ್ಸಲ್, ಬಾಲ್‌ಗಳ ಮೇಲೆ ಉರುಳುವ ಸ್ಟೇರಿಂಗ್ ಬಾಕ್ಸ್. ಅಮೆರಿಕದ ವಿಲ್ಲಿಸ್ ಕಂಪನಿಯ ವಿನ್ಯಾಸದಿಂದ ಬಂದ ಹಳೆ ಮಹೀಂದ್ರ ಜೀಪುಗಳಲ್ಲಿ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಬೇರೆಯಾಗಿ ಹೇಳಿದ್ದೇವೆ. ಕೊಡಗಿನ ಮಾಂದಲಪಟ್ಟಿಗೆ, ಕೊಡಚಾದ್ರಿಗೆ ದಿನಾ ಹತ್ತಿಳಿಯುವ ಜೀಪುಗಳಿಗೂ, ಕಾಫಿ ತೋಟದಲ್ಲಿ ಗೊಬ್ಬರದ ಚೀಲ ಹೊರುವ ಜಿಪ್ಸಿಗೂ ಈ ಕ್ರಮ ಹೊಂದುತ್ತದೆ.

ಮೊದಲೇ ಒಂದು ಮಾತು. ಗಾಡಿ ಓಲಾಡಿದ ಕೂಡಲೇ ಸ್ಟೇರಿಂಗ್ ಬಾಕ್ಸಿನ ಮೇಲಿನ ಸ್ಕ್ರೂ ಬಿಗಿಯುವುದು, ಇಲ್ಲವೇ ಹೊಸ ಸ್ಟೇರಿಂಗ್ ಡ್ಯಾಂಪರ್ (ನಡುಕ ತಗ್ಗಿಸುವ ಶಾಕ್ ಅಬ್ಸಾರ್ಬರ್) ಹಾಕಿಸುವುದು ಎಲ್ಲ ಕಡೆ ನಡೆಯುತ್ತದೆ. ಎರಡೂ ತಪ್ಪು ಆರಂಭ. ಮೊದಲನೆಯದು ಒಳ್ಳೆಯ ಬಾಕ್ಸನ್ನು ಕೆಡಿಸುತ್ತದೆ, ಎರಡನೆಯದು ರೋಗವನ್ನು ಮುಚ್ಚಿಡುತ್ತದೆ. ಹೆಚ್ಚಿನ ಹಳೆ ಗಾಡಿಗಳಲ್ಲಿ ದೊಡ್ಡದೊಂದು ದೋಷ ಇರುವುದಿಲ್ಲ. ನಾಲ್ಕೈದು ಕಡೆ ಸಣ್ಣ ಸಣ್ಣ ಸಡಿಲ ಸೇರಿ ದೊಡ್ಡದಾಗಿರುತ್ತದೆ. ಚಕ್ರ ತಿರುಗಿಸುವ ಆರ್ಮ್ 150 ಮಿ.ಮೀ. ಉದ್ದವಿದೆ, ಸ್ಟೇರಿಂಗ್ ಅನುಪಾತ 16ಕ್ಕೆ 1 ಇದೆ ಎಂದಿಟ್ಟುಕೊಳ್ಳಿ. ಮುಂದಿನ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡಿನ ತುದಿಯ ಜಾಯಿಂಟಿನಲ್ಲಿ ಬರೀ 1 ಮಿ.ಮೀ. ಆಟವಿದ್ದರೆ ಚಕ್ರದಲ್ಲಿ ಸುಮಾರು 0.4 ಡಿಗ್ರಿ, ಸ್ಟೇರಿಂಗ್ ಚಕ್ರದಲ್ಲಿ 6 ಡಿಗ್ರಿ. 400 ಮಿ.ಮೀ. ವ್ಯಾಸದ ಸ್ಟೇರಿಂಗಿನ ಅಂಚಿನಲ್ಲಿ ಅದು 20 ಮಿ.ಮೀ. ಆಗುತ್ತದೆ. ಇಂಥ ಎರಡು ಜಾಯಿಂಟ್ ಸವೆದಿದ್ದರೆ ಉಳಿದಿದ್ದನ್ನು ಹೇಳಬೇಕಿಲ್ಲ.

ಬೇಕಾಗುವ ಸಾಮಾನು

ನಂಬಬಹುದಾದ ಪ್ರೆಶರ್ ಗೇಜ್, 2 ಟನ್ ಜಾಕ್, ಎರಡು ಆಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಮರದ ತುಂಡು ಅಥವಾ ಕಲ್ಲು, ಎರಡಡಿ ಉದ್ದದ ಲಿವರ್, ಟಾರ್ಕ್ ರೆಂಚ್ (ಬಿಗಿಯನ್ನು ಅಳೆದು ತಿರುಗಿಸುವ ಸ್ಪ್ಯಾನರ್), ಟೇಪು, ಸೀಮೆಸುಣ್ಣ, ಮೊನೆಯಾದ ಮೊಳೆ, ತೂಗುವ ಸ್ಪ್ರಿಂಗ್ ತಕ್ಕಡಿ, ಒಳ್ಳೆಯ ಟಾರ್ಚ್. ಇದರ ಜೊತೆ ಸ್ಟೇರಿಂಗ್ ಅಲುಗಾಡಿಸಲು ಇನ್ನೊಬ್ಬರು ಬೇಕೇ ಬೇಕು. ಕೆಲಸಕ್ಕೆ ಮೊದಲು ಗಾಡಿಯ ಕೆಳಭಾಗವನ್ನು ನೀರು ಹಾಕಿ ತೊಳೆದು ಒಣಗಿಸಿ. ಮಲೆನಾಡಿನ ಗಾಡಿಗಳಲ್ಲಿ ಒಣಗಿದ ಕೆಸರು ಸವೆದ ಜಾಯಿಂಟನ್ನು ಗಾರೆ ಹಾಕಿದಂತೆ ಹಿಡಿದಿರುತ್ತದೆ. ತೊಳೆಯದೆ ನೋಡಿದರೆ ಎಲ್ಲವೂ ಗಟ್ಟಿಯಾಗಿರುವಂತೆ ಕಾಣುತ್ತದೆ.

ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಕೊಟ್ಟ ಮೇಲೆಯೇ ಒಳಗೆ ಹೋಗಿ.

ಮೊದಲ ಹಂತ: ರೋಗಕ್ಕೆ ಸರಿಯಾದ ಹೆಸರು

ಖಾಲಿಯಾದ, ಸಮತಟ್ಟಾದ ರಸ್ತೆಯಲ್ಲಿ 40, 60, 70 ಕಿ.ಮೀ. ವೇಗದಲ್ಲಿ ಓಡಿಸಿ ನೋಡಿ. ನೀರು ಹರಿಯಲೆಂದು ನಮ್ಮ ರಸ್ತೆಗಳನ್ನು ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಹಾಗಾಗಿ ಎಡಗಡೆ ಹೋಗುವ ಗಾಡಿ ಸ್ವಲ್ಪ ಎಡಕ್ಕೆ ಸರಿಯುವುದು ಸಹಜ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಯಾವಾಗಲೂ ಒಂದೇ ಕಡೆಗೆ ಹೋಗುತ್ತಿದ್ದರೆ ಅದು ಎಳೆತ. ಟೈರು, ಹಿಡಿದುಕೊಂಡ ಬ್ರೇಕು, ಓರೆಯಾದ ಆಕ್ಸಲ್ ಇವುಗಳ ಮೇಲೆ ಅನುಮಾನ ಪಡಿ. ಎರಡೂ ಕಡೆಗೆ ಗೊತ್ತುಗುರಿಯಿಲ್ಲದೆ ತೇಲುತ್ತಿದ್ದರೆ ಅದು ಓಲಾಟ, ಈ ಲೇಖನದ ವಿಷಯ. ಉಬ್ಬು ಹತ್ತಿದಾಗ ಮಾತ್ರ ಸ್ಟೇರಿಂಗ್ ತಾನಾಗಿ ತಿರುಗಿದರೆ ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ರಾಡಿನ, ಅಂದರೆ ಡ್ರ್ಯಾಗ್ ಲಿಂಕಿನ, ಕೋನ ಕೆಟ್ಟಿದೆ. ಎತ್ತರಿಸಿದ ಗಾಡಿಗಳಲ್ಲಿ ಇದು ಸಾಮಾನ್ಯ. ಒಂದು ಗುಂಡಿ ದಾಟಿದ್ದೇ ತಡ ಸ್ಟೇರಿಂಗ್ ಎರಡೂ ಕಡೆ ರಪರಪನೆ ಹೊಡೆದುಕೊಳ್ಳಲು ಶುರುವಾದರೆ ಅದು ಬೇರೆಯೇ ಅಪಾಯ. ಆಗ ಸ್ಟೇರಿಂಗ್ ಜೊತೆ ಗುದ್ದಾಡದೆ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ನಿಧಾನಕ್ಕೆ ನಿಲ್ಲಿಸಿ. ಕಾರಣ ಹುಡುಕದೆ ಮತ್ತೆ ಹೆದ್ದಾರಿಗೆ ಇಳಿಸಬೇಡಿ.

ಇನ್ನೂ ಒಂದು ಗಮನಿಸಿ: ತಿರುವು ಮುಗಿದ ಮೇಲೆ ಕೈ ಸಡಿಲಿಸಿದರೆ ಸ್ಟೇರಿಂಗ್ ತಾನೇ ನೇರಕ್ಕೆ ಬರುತ್ತದೆಯೇ? ಬರದೆ ತಿರುಗಿಸಿದಲ್ಲೇ ನಿಂತರೆ ನಿಮ್ಮ ಗಾಡಿಯ ದೋಷ ಸಡಿಲವಲ್ಲ, ಬಿಗಿ. ಈ ಒಂದು ಲಕ್ಷಣ ಮುಂದಿನ ಅರ್ಧ ಕೆಲಸ ಉಳಿಸುತ್ತದೆ.

ಫೋರ್ ವೀಲ್ ಗೇರ್ ಹಾಕಿಕೊಂಡೇ ಡಾಂಬರಿನ ಮೇಲೆ ಓಡಿಸುತ್ತಿಲ್ಲ ಎಂಬುದನ್ನೂ ಖಾತ್ರಿ ಮಾಡಿಕೊಳ್ಳಿ. ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ (ವೇಗದ ವ್ಯತ್ಯಾಸಕ್ಕೆ ಅವಕಾಶ ಕೊಡುವ ಗೇರು) ಇಲ್ಲ. ಗಟ್ಟಿ ನೆಲದಲ್ಲಿ ಸ್ಟೇರಿಂಗ್ ಭಾರವಾಗಿ, ಗಾಡಿ ತನ್ನಿಷ್ಟದಂತೆ ಎಳೆಯುತ್ತದೆ.

ಎರಡನೆಯ ಹಂತ: ಟೈರು

ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ, ತಣ್ಣಗಿರುವಾಗ ಗಾಳಿ ನೋಡಿ. ಕಂಪನಿಯ ಮಾಹಿತಿ ಪುಸ್ತಕದಲ್ಲಿರುವ ಒತ್ತಡಕ್ಕೆ ತನ್ನಿ. ಮುಂದಿನ ಎರಡೂ ಟೈರುಗಳ ನಡುವೆ 1 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕೆಸರಿನ ದಾರಿಗೆಂದು ಗಾಳಿ ಇಳಿಸಿ ಆಮೇಲೆ ತುಂಬಿಸಲು ಮರೆತ ಗಾಡಿಯಲ್ಲಿ ಟೈರಿನ ಪಕ್ಕದ ಗೋಡೆ ಬಳುಕಿ, ಸ್ಟೇರಿಂಗ್ ತುಸು ತಡವಾಗಿ ಮಾತು ಕೇಳುತ್ತದೆ. ಅತಿ ಹೆಚ್ಚು ಗಾಳಿಯೂ ಕೆಟ್ಟದ್ದೇ. ಟೈರಿನ ನಡುಭಾಗ ಮಾತ್ರ ನೆಲ ಮುಟ್ಟಿ ಗಾಡಿ ತೇಲುತ್ತದೆ. ಪುಸ್ತಕದಲ್ಲಿಲ್ಲದ ಅಳತೆಯ ಟೈರು ಹಾಕಿದ್ದರೆ ಟೈರಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು ನೂರು ಮೀಟರ್ ನೇರ ಓಡಿಸಿ. ಗೆರೆ ಅಂಚಿನಿಂದ ಅಂಚಿಗೆ ಸಮವಾಗಿ ಅಳಿಸಿದರೆ ಒತ್ತಡ ಸರಿ. ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಅಂಚಲ್ಲಿ ಮಾತ್ರ ಅಳಿಸಿದರೆ ಕಡಿಮೆ.

ಮುಂದೆ ರೇಡಿಯಲ್, ಹಿಂದೆ ನೈಲಾನ್ ಟೈರು ಹಾಕಿಕೊಂಡು ಓಡಾಡುವ ಜೀಪುಗಳು ತೋಟಗಳಲ್ಲಿ ಬೇಕಾದಷ್ಟಿವೆ. ಎರಡರ ಗೋಡೆಯ ಬಳುಕು ಬೇರೆ ಬೇರೆ. ಮುಂಭಾಗ ತಕ್ಷಣ ತಿರುಗಿ, ಹಿಂಭಾಗ ತಡವಾಗಿ ಹಿಂಬಾಲಿಸಿ, ಬಾಲ ಅಲ್ಲಾಡಿಸಿದಂತಾಗುತ್ತದೆ. ನಾಲ್ಕೂ ಒಂದೇ ಬಗೆಯದಿರಬೇಕು. ಬದಲಿಸುವವರೆಗೆ ಎರಡು ಬಗೆಯನ್ನೇ ಹಾಕಿಕೊಳ್ಳಬೇಕಾದ ಅನಿವಾರ್ಯ ಇದ್ದರೆ ರೇಡಿಯಲ್ ಜೋಡಿ ಹಿಂದಿರಲಿ. ಒಂದೇ ಆಕ್ಸಲಿನಲ್ಲಿ ಎಡಕ್ಕೊಂದು ಬಲಕ್ಕೊಂದು ಮಾತ್ರ ಯಾವ ಕಾರಣಕ್ಕೂ ಬೇಡ.

ಟೈರಿನ ವಯಸ್ಸು ನೋಡಿ. ಗೋಡೆಯ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2316 ಎಂದಿದ್ದರೆ 2016ರ 23ನೆಯ ವಾರ. ಕಡಿಮೆ ಓಡುವ ಗಾಡಿಯ ಟೈರಿನಲ್ಲಿ ಗುಂಡಿ (ಮೇಲ್ಮೈಯ ಉಬ್ಬು) ಸವೆಯದೆ ಉಳಿದಿರುತ್ತದೆ, ಆದರೆ ರಬ್ಬರು ಸತ್ತಿರುತ್ತದೆ. ಅಗಲ ರಿಮ್, ಹೊರಕ್ಕೆ ಚಾಚಿದ ರಿಮ್, ಸ್ಪೇಸರ್ (ಚಕ್ರವನ್ನು ಹೊರಕ್ಕೆ ಸರಿಸುವ ಬಿಲ್ಲೆ) ಹಾಕಿದ್ದರೆ ಗಾಡಿ ರಸ್ತೆಯ ಪ್ರತಿ ತಗ್ಗನ್ನೂ ಹಿಂಬಾಲಿಸುತ್ತದೆ. ಚಕ್ರ ತಿರುಗುವ ಅಕ್ಷದಿಂದ ಟೈರಿನ ನಡುಗೆರೆ ದೂರ ಸರಿದಷ್ಟೂ ನೆಲದ ಏರುಪೇರಿಗೆ ಸನ್ನೆಗೋಲು ಉದ್ದವಾಗುತ್ತದೆ. ಹಳೆ ಅಳತೆಯ ರಿಮ್ ಒಂದು ಜೊತೆ ಯಾರ ಬಳಿಯಾದರೂ ಎರವಲು ಸಿಕ್ಕರೆ ಹಾಕಿ ಓಡಿಸಿ ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಮೂರನೆಯ ಹಂತ: ಗಾಡಿ ನೆಲದ ಮೇಲಿದ್ದಾಗಲೇ ಸ್ಟೇರಿಂಗ್ ಅಲುಗಾಡಿಸುವುದು

ಇಡೀ ಕೆಲಸದ ಹೃದಯ ಈ ಹಂತ. ಸಮಯ ಇಲ್ಲೇ ಖರ್ಚು ಮಾಡಿ. ಬಹಳ ಜನ ಗಾಡಿ ಎತ್ತಿ ನೋಡುತ್ತಾರೆ. ಭಾರ ಇಲ್ಲದಾಗ ಚಕ್ರ ಸುಲಭವಾಗಿ ತಿರುಗುತ್ತದೆ, ಸವೆದ ಜಾಯಿಂಟಿಗೆ ಒತ್ತಡವೇ ಬೀಳುವುದಿಲ್ಲ, ಆಟ ಕಾಣುವುದಿಲ್ಲ. ಚಕ್ರ ನೆಲದ ಮೇಲೇ ಇರಬೇಕು.

ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ. ಜೊತೆಗಾರರು ಸ್ಟೇರಿಂಗನ್ನು ಎಡಬಲಕ್ಕೆ ಸುಮಾರು 5 ಸೆಂ.ಮೀ.ನಂತೆ, ಗಡಿಯಾರದ ಲೋಲಕದ ಹಾಗೆ ಸಮಗತಿಯಲ್ಲಿ ಅಲುಗಾಡಿಸುತ್ತಿರಲಿ. ಚಕ್ರ ಅಲುಗುವ ಮೊದಲು ಸ್ಟೇರಿಂಗ್ ಅಂಚು ಎಷ್ಟು ಸರಿಯುತ್ತದೆ ಎಂದು ಟೇಪಿನಲ್ಲಿ ಅಳೆಯಿರಿ. 30 ಮಿ.ಮೀ. ದಾಟಿದರೆ ಎಲ್ಲೋ ಸವೆದಿದೆ ಎಂದರ್ಥ.

ಈಗ ಕೆಳಗೆ ಮಲಗಿ, ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನೋಡಿ. ಕಣ್ಣಿಗಿಂತ ಬೆರಳು ಚುರುಕು: ಪ್ರತಿ ಜಾಯಿಂಟಿನಲ್ಲಿ ಎರಡೂ ಭಾಗಗಳನ್ನು ಒಟ್ಟಿಗೆ ಮುಟ್ಟುವಂತೆ ಬೆರಳಿಡಿ. ಒಂದು ಅಲುಗಿ ಇನ್ನೊಂದು ತಡವಾಗಿ ಹಿಂಬಾಲಿಸಿದರೆ ಬೆರಳಿಗೆ ಟಕ್ ಎಂದು ಗೊತ್ತಾಗುತ್ತದೆ. ಜಾಯಿಂಟುಗಳ ನಡುವೆ ಬೆರಳು ಸಿಕ್ಕಿಕೊಳ್ಳದಂತೆ ಎಚ್ಚರವಿರಲಿ.

ಮೊದಲು ಸ್ಟೇರಿಂಗ್ ರಾಡಿನ ಕೆಳತುದಿ. ಜಿಪ್ಸಿಯಲ್ಲಿ ಬಾಕ್ಸಿನ ಮೇಲೆ ರಬ್ಬರ್ ಜಾಯಿಂಟ್ ಇದೆ. ಎಂಜಿನ್ ಬಿಸಿಗೆ, ಸೋರಿದ ಎಣ್ಣೆಗೆ ರಬ್ಬರು ಬಿರುಕು ಬಿಟ್ಟಿರುತ್ತದೆ. ಬೋಲ್ಟ್ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿರುತ್ತದೆ. ಅಗ್ಗದ ಬಿಡಿಭಾಗ, ಆದರೆ ಇದನ್ನು ನೋಡದೆ ಬಾಕ್ಸನ್ನೇ ಬದಲಿಸಿದವರಿದ್ದಾರೆ.

ಆಮೇಲೆ ಬಾಕ್ಸ್. ಒಳಗೆ ಹೋಗುವ ಶಾಫ್ಟ್ ತಿರುಗಿದ ಕೂಡಲೇ ಬಾಕ್ಸಿನಿಂದ ಹೊರಬರುವ ಕೆಳಗಿನ ತೋಳು, ಅಂದರೆ ಪಿಟ್‌ಮನ್ ಆರ್ಮ್, ಅಲುಗಬೇಕು. ಅದಕ್ಕೂ ಮೊದಲು ಬಾಕ್ಸೇ ಚಾಸಿಸ್ ಮೇಲೆ ಕದಲುತ್ತಿದೆಯೇ ನೋಡಿ. ಸಡಿಲ ಬೋಲ್ಟ್ ಇದ್ದರೆ ಸುತ್ತ ತುಕ್ಕಿನ ಕೆಂಪು ಪುಡಿ ಇರುತ್ತದೆ. ಬಾಕ್ಸ್ ಕೂತ ಕಡೆ ಚಾಸಿಸ್ ತಗಡಿನಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಮಳೆ ಹೆಚ್ಚಿರುವ ಕಡೆಯ, ಕರಾವಳಿಯ ಉಪ್ಪುಗಾಳಿಯ ಗಾಡಿಗಳಲ್ಲಿ ಇದು ಅಪರೂಪವಲ್ಲ. ಬಿರುಕಿದ್ದರೆ ಬರೀ ವೆಲ್ಡ್ ಎಳೆದರೆ ಸಾಲದು. ಬಿರುಕಿನ ತುದಿಗೆ ತೂತು ಕೊರೆದು, ವೆಲ್ಡ್ ತುಂಬಿ, ಮೇಲೆ ಪಟ್ಟಿ ಕೊಡಬೇಕು. ಇದನ್ನು ಚಾಸಿಸ್ ಕೆಲಸ ಬಲ್ಲವರಿಂದಲೇ ಮಾಡಿಸಿ.

ನಂತರ ಪಿಟ್‌ಮನ್ ಆರ್ಮ್ ತನ್ನ ಹಲ್ಲುಗಳ ಮೇಲೆ ಗಟ್ಟಿಯಾಗಿದೆಯೇ, ಡ್ರ್ಯಾಗ್ ಲಿಂಕಿನ ಎರಡು ತುದಿ, ಟೈ ರಾಡಿನ ಎರಡು ತುದಿ. ಬಾಲ್ ಜಾಯಿಂಟು ತನ್ನ ಗುಂಡಿಯಲ್ಲಿ ತಿರುಗಬಹುದು. ಮೇಲೆ ಕೆಳಗೆ ಕುಣಿಯಬಾರದು, ಅಕ್ಕಪಕ್ಕ ಸರಿಯಬಾರದು. ರಬ್ಬರ್ ಬೂಟು ಹರಿದಿದ್ದರೆ ಇಂದು ಆಟ ಇಲ್ಲದಿದ್ದರೂ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಬರುತ್ತದೆ. ಇಲ್ಲಿ ಕಂಡ ಆಟವನ್ನು ‘ಇನ್ನೊಂದು ತಿಂಗಳು ನೋಡೋಣ’ ಎಂದು ಬಿಡಬೇಡಿ. ಸವೆದ ಬಾಲ್ ಗುಂಡಿಯಿಂದ ಕಳಚಿಕೊಂಡರೆ ಚಕ್ರಕ್ಕೂ ನಿಮಗೂ ಸಂಬಂಧ ತಪ್ಪಿಹೋಗುತ್ತದೆ.

ಬದಲಿಸುವಾಗ: ಒಂದು ತುದಿಗೆ ಬಲ ಥ್ರೆಡ್, ಇನ್ನೊಂದಕ್ಕೆ ಎಡ ಥ್ರೆಡ್ ಇರುತ್ತದೆ, ಹೊಂದುವುದನ್ನೇ ತನ್ನಿ. ಕಳಚುವಾಗ ಎಷ್ಟು ಸುತ್ತು ಬಂತೆಂದು ಎಣಿಸಿಟ್ಟು ಹೊಸದನ್ನು ಅಷ್ಟೇ ಸುತ್ತು ಹಾಕಿ. ಟೋ ಅಳತೆ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ನೋಡುವ ಪ್ರಮಾಣ) ಹತ್ತಿರಕ್ಕಾದರೂ ಬರುತ್ತದೆ. ನಟ್ಟಿಗೆ ಟಾರ್ಕ್ ಕೊಟ್ಟ ಮೇಲೆ ಸ್ಪ್ಲಿಟ್ ಪಿನ್ನಿನ (ನಟ್ ಕಳಚದಂತೆ ತಡೆಯುವ ಸೀಳು ಪಿನ್ನಿನ) ತೂತು ಕೂಡದಿದ್ದರೆ ಮುಂದಿನ ಸೀಳಿಗೆ ಬಿಗಿಯಿರಿ, ಹಿಂದಕ್ಕೆ ಸಡಿಲಿಸಬೇಡಿ. ಹಳೆ ಪಿನ್ನನ್ನು ಮತ್ತೆ ಬಳಸಬೇಡಿ.

ಗಾಡಿಗೆ ಸ್ಟೇರಿಂಗ್ ಡ್ಯಾಂಪರ್ ಇದ್ದರೆ ಒಂದು ತುದಿ ಬಿಚ್ಚಿಟ್ಟು ಈ ಪರೀಕ್ಷೆ ಮಾಡಿ. ಡ್ಯಾಂಪರ್ ನಡುಕವನ್ನು ನುಂಗುತ್ತದೆ, ಸಡಿಲವನ್ನು ಸರಿಮಾಡುವುದಿಲ್ಲ.

ವಿಲ್ಲಿಸ್ ವಿನ್ಯಾಸದ ಜೀಪಿಗೆ ಇಲ್ಲಿ ಇನ್ನೊಂದು ಭಾಗವಿದೆ: ಬೆಲ್ ಕ್ರ್ಯಾಂಕ್. ಬಾಕ್ಸಿನಿಂದ ಬಂದ ಡ್ರ್ಯಾಗ್ ಲಿಂಕ್ ಮುಂಭಾಗದ ನಡುವೆ ನೆಟ್ಟ ಪಿನ್ನಿನ ಮೇಲೆ ತಿರುಗುವ ಈ ತೋಳನ್ನು ತಳ್ಳುತ್ತದೆ. ಅಲ್ಲಿಂದ ಎರಡು ಟೈ ರಾಡ್ ಎಡಬಲ ಚಕ್ರಗಳಿಗೆ ಹೋಗುತ್ತವೆ. ಒಳಗಿನ ನೀಡಲ್ ಬೇರಿಂಗ್ ಮತ್ತು ಪಿನ್ನು ಗ್ರೀಸಿಲ್ಲದೆ ಸವೆದರೆ ತೋಳು ತಿರುಗುವ ಮೊದಲು ಓರೆಯಾಗುತ್ತದೆ. ಓಲಾಡುವ ಹಳೆ ಜೀಪಿನಲ್ಲಿ ಮೊದಲು ಕೈ ಹಾಕಬೇಕಾದ್ದು ಇಲ್ಲಿಗೆ. ತೋಳನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಒತ್ತಿ ನೋಡಿ. ಕುಣಿದರೆ ಪಿನ್ನು, ಬೇರಿಂಗು ಎರಡನ್ನೂ ಒಟ್ಟಿಗೆ ಬದಲಿಸಿ. ಸವೆದ ಪಿನ್ನಿನ ಮೇಲೆ ಹೊಸ ಬೇರಿಂಗ್ ಹಾಕಿದರೆ ಹಣ ದಂಡ. ಇದೇ ಜೀಪುಗಳ ಡ್ರ್ಯಾಗ್ ಲಿಂಕಿನ ತುದಿಯಲ್ಲಿ ಸ್ಪ್ರಿಂಗು, ಬಟ್ಟಲು, ಬಿಗಿಯುವ ಪ್ಲಗ್ ಇರುತ್ತವೆ. ಪ್ಲಗ್ಗನ್ನು ಬಾಲಿಗೆ ಗಟ್ಟಿಯಾಗಿ ತಾಗುವವರೆಗೆ ಬಿಗಿದು, ಅರ್ಧದಿಂದ ಒಂದು ಸುತ್ತು ಹಿಂದಕ್ಕೆ ಬಿಟ್ಟು, ಹೊಸ ಸ್ಪ್ಲಿಟ್ ಪಿನ್ ಹಾಕಿ.

ನಾಲ್ಕನೆಯ ಹಂತ: ಸ್ಟೇರಿಂಗ್ ಬಾಕ್ಸಿನ ಸ್ಕ್ರೂ

ಉಳಿದೆಲ್ಲ ಜಾಯಿಂಟು ಗಟ್ಟಿಯಿದ್ದು, ಆಟ ಬಾಕ್ಸಿನ ಒಳಗೇ ಇದೆ ಎಂದು ಬೆರಳಿಗೆ ಖಚಿತವಾದ ಮೇಲೆ ಮಾತ್ರ ಈ ಹಂತ. ಮೊದಲು ಬಾಕ್ಸಿನಲ್ಲಿ ಎಣ್ಣೆ ಇದೆಯೇ ನೋಡಿ. ಕೆಳಗಿನ ಸೀಲ್ ಸೋರಿ ಒಣಗಿದ ಬಾಕ್ಸ್ ಬಹಳ. 90 ನಂಬರಿನ ಗೇರ್ ಆಯಿಲ್ ಹಾಕಿ. ಗ್ರೀಸ್ ತುಂಬುವುದು ಕೆಟ್ಟ ಅಭ್ಯಾಸ, ಗ್ರೀಸು ಅಂಚಿಗೆ ಸರಿದು ಅಲ್ಲೇ ಕೂರುತ್ತದೆ, ಹಲ್ಲುಗಳಿಗೆ ಮರಳಿ ಬರುವುದಿಲ್ಲ.

ಈಗ ಮುಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಕೊಡಿ. ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುತ್ತಿ, ಒಟ್ಟು ಸುತ್ತು ಎಣಿಸಿ, ಸರಿಯಾಗಿ ಅರ್ಧಕ್ಕೆ ತಂದು ನಿಲ್ಲಿಸಿ. ಬಾಕ್ಸಿನ ಒಳಗಿನ ಹಲ್ಲುಗಳು ನಡುಭಾಗದಲ್ಲಿ ಬಿಗಿಯಾಗಿ, ಅಂಚಿಗೆ ಹೋದಂತೆ ಸಡಿಲವಾಗಿ ಕೂರುವಂತೆ ಮಾಡಿರುತ್ತಾರೆ. ಹಾಗಾಗಿ ನಡುವಿನಲ್ಲಿ ಮಾತ್ರ ಹೊಂದಿಸಬೇಕು. ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಂತೆ ಒಳಕ್ಕೆ ತಿರುಗಿಸಿ. ಪ್ರತಿ ಸಲ ಕೊನೆಯಿಂದ ಕೊನೆಗೆ ಸುತ್ತಿ ನೋಡಿ. ನಡುವೆ ಎಲ್ಲಿಯಾದರೂ ಹಿಡಿದಂತಾದರೆ ಹೆಚ್ಚಾಯಿತು, ಹಿಂದಕ್ಕೆ ಬಿಡಿ. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗದಂತೆ ಹಿಡಿದುಕೊಳ್ಳಿ.

ನಡುವಿನ ಆಟ ಹೋಗುವಷ್ಟು ಬಿಗಿದಾಗ ಅಂಚಿನಲ್ಲಿ ಹಿಡಿದುಕೊಂಡರೆ ಹಲ್ಲು ನಡುವೆ ಮಾತ್ರ ಸವೆದಿದೆ. ಆ ಬಾಕ್ಸ್ ಹೊಂದಾಣಿಕೆಗೆ ಸಿಗುವುದಿಲ್ಲ, ಬದಲಿಸಬೇಕು.

ಐದನೆಯ ಹಂತ: ಚಕ್ರದ ಬೇರಿಂಗ್, ಕಿಂಗ್ ಪಿನ್

ಗಾಡಿ ಸ್ಟ್ಯಾಂಡ್ ಮೇಲಿರುವಾಗಲೇ ಚಕ್ರವನ್ನು ಮೇಲೆ ಮತ್ತು ಕೆಳಗೆ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಜೊತೆಗಾರರಿಗೆ ಬ್ರೇಕ್ ಒತ್ತಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ಅದು ಚಕ್ರದ ಬೇರಿಂಗ್. ಹಾಗೇ ಉಳಿದರೆ ಕಿಂಗ್ ಪಿನ್, ಅಂದರೆ ಚಕ್ರ ಎಡಬಲಕ್ಕೆ ತಿರುಗುವ ಕೀಲು. ಬ್ರೇಕು ಚಕ್ರದ ನಡುವಿನ ಹಬ್ ಅನ್ನೂ, ಚಕ್ರವನ್ನು ಹೊತ್ತು ಕಿಂಗ್ ಪಿನ್ನಿನ ಮೇಲೆ ತಿರುಗುವ ನಕಲ್ ಅನ್ನೂ ಒಂದು ಮಾಡುವುದರಿಂದ ಉಳಿಯುವ ಆಟ ಕಿಂಗ್ ಪಿನ್ನಿನದೇ ಆಗಿರುತ್ತದೆ. 3 ಮತ್ತು 9ರ ಜಾಗದಲ್ಲಿ ಮಾತ್ರ ಆಟವಿದ್ದರೆ ಮತ್ತೆ ಟೈ ರಾಡ್ ಕಡೆ ಹೋಗಿ.

ಹಳೆ ಜೀಪಿನ ಚಕ್ರದ ಬೇರಿಂಗನ್ನು ಚಕ್ರ ತಿರುಗಿಸುತ್ತಾ ಹಿಡಿದುಕೊಳ್ಳುವವರೆಗೆ ಬಿಗಿದು, ಸುಮಾರು ಆರನೇ ಒಂದು ಸುತ್ತು ಹಿಂದಕ್ಕೆ ಬಿಟ್ಟು, ವಾಷರ್ ಮಡಚಿ ಲಾಕ್ ಮಾಡಬೇಕು. ಹತ್ತು ಕಿ.ಮೀ. ಓಡಿಸಿ ಹಬ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಸುಟ್ಟರೆ ಬಿಗಿ ಹೆಚ್ಚಾಗಿದೆ. ಜಿಪ್ಸಿಯಲ್ಲಿ ಪುಸ್ತಕದ ಟಾರ್ಕನ್ನೇ ಪಾಲಿಸಿ.

ಜಿಪ್ಸಿಯಲ್ಲೂ ಹಳೆ ಜೀಪಿನಲ್ಲೂ ಕಿಂಗ್ ಪಿನ್ ಎಂದರೆ ನಕಲಿನ ಮೇಲೊಂದು ಕೆಳಗೊಂದು ಇರುವ ಮೋಟು ಪಿನ್ನು, ಅದರ ಮೇಲೆ ಟೇಪರ್ ರೋಲರ್ ಬೇರಿಂಗ್. ಬಿಗಿಯನ್ನು ತೆಳು ಶಿಮ್‌ಗಳು ನಿರ್ಧರಿಸುತ್ತವೆ. ಶಿಮ್ ತೆಗೆದರೆ ಬಿಗಿ, ಸೇರಿಸಿದರೆ ಸಡಿಲ. ಇಲ್ಲಿ ಎರಡು ಬಗೆಯ ಕಾಯಿಲೆ ಇದೆ. ಸಡಿಲವಾದರೆ ಚಕ್ರ ನಡುಗುತ್ತದೆ, ಗಾಡಿ ಓಲಾಡುತ್ತದೆ. ಅತಿ ಬಿಗಿಯಾದರೂ ಗಾಡಿ ಓಲಾಡುತ್ತದೆ! ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಲಾರದೆ, ನೀವು ತಿದ್ದಿದಲ್ಲೇ ನಿಂತು, ಪ್ರತಿ ತಿದ್ದುಪಡಿಗೂ ಎದುರು ತಿದ್ದುಪಡಿ ಬೇಡುತ್ತದೆ. ಹಳ್ಳ ದಾಟುವ ಗಾಡಿಗಳಲ್ಲಿ ಕೆಳಗಿನ ಬೇರಿಂಗಿಗೆ ನೀರು ಸೇರಿ ತುಕ್ಕು ಹಿಡಿಯುತ್ತದೆ, ರೋಲರುಗಳು ತಮ್ಮ ಅಚ್ಚನ್ನು ಬಟ್ಟಲಲ್ಲಿ ಒತ್ತಿಬಿಡುತ್ತವೆ. ಆಗ ನಕಲ್ ತಿರುಗಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಕೈಗೆ ಸಿಗುತ್ತದೆ. ಅಂಥ ಬೇರಿಂಗಿಗೆ ಶಿಮ್ ಆಟ ಆಡಬೇಡಿ, ಬೇರಿಂಗು ಬಟ್ಟಲು ಎರಡೂ ಹೊಸದಾಗಬೇಕು.

ಬಿಗಿ ಅಳೆಯಲು ಟೈ ರಾಡ್ ಕಳಚಿ, ಆಯಿಲ್ ಸೀಲನ್ನು ಹಿಂದಕ್ಕೆ ಸರಿಸಿ, ನಕಲಿನ ಆರ್ಮಿನಲ್ಲಿ ಟೈ ರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ, ಆರ್ಮಿಗೆ ಲಂಬವಾಗಿ ಎಳೆಯಿರಿ. ಜಿಪ್ಸಿಯ ನಕಲ್ 1ರಿಂದ 1.8 ಕೆ.ಜಿ. ಎಳೆತಕ್ಕೆ ಕದಲಲು ಶುರುವಾಗಬೇಕು. ಸೀಲ್ ಬಿಗಿದಿರುವಾಗ ಅಳೆದರೆ ಸೀಲಿನ ಘರ್ಷಣೆಯೂ ಸೇರಿ ಲೆಕ್ಕ ತಪ್ಪುತ್ತದೆ. ಎರಡೂ ಬದಿ ಅಳೆದು ಬರೆದಿಟ್ಟುಕೊಳ್ಳಿ. ಒಂದು ಬದಿ ಇನ್ನೊಂದಕ್ಕಿಂತ ಬಹಳ ಬಿಗಿಯಿದ್ದರೆ ಗಾಡಿ ತಿರುವಿನಿಂದ ಹೊರಬರುವಾಗ ಎಡಕ್ಕೊಂದು, ಬಲಕ್ಕೊಂದು ರೀತಿ ನಡೆದುಕೊಳ್ಳುತ್ತದೆ.

ಆರನೆಯ ಹಂತ: ಸ್ಪ್ರಿಂಗು, ಶ್ಯಾಕಲ್, ಯು ಬೋಲ್ಟ್

ಈ ಗಾಡಿಗಳಲ್ಲಿ ಆಕ್ಸಲನ್ನು ಅಡ್ಡಡ್ಡ ಹಿಡಿದಿಡಲು ಬೇರೆ ರಾಡ್ ಇಲ್ಲ. ಲೀಫ್ ಸ್ಪ್ರಿಂಗೇ ಭಾರ ಹೊರಬೇಕು, ಆಕ್ಸಲ್ ಅತ್ತಿತ್ತ ಹೋಗದಂತೆಯೂ ಹಿಡಿಯಬೇಕು. ಹಾಗಾಗಿ ಸ್ಪ್ರಿಂಗಿನ ತುದಿಯ ತೂತಿನಲ್ಲಿ (ಕಣ್ಣಿನಲ್ಲಿ) ಕೂರುವ ಬುಶ್ ಸವೆದರೆ ಸದ್ದು ಮಾತ್ರವಲ್ಲ, ಇಡೀ ಆಕ್ಸಲ್ ಗಾಡಿಯ ಕೆಳಗೆ ಈಜುತ್ತದೆ.

ಗಾಡಿಯನ್ನು ನೆಲಕ್ಕಿಳಿಸಿ, ಮತ್ತೆ ಸ್ಟೇರಿಂಗ್ ಅಲುಗಾಡಿಸಲು ಹೇಳಿ, ಈ ಸಲ ಸ್ಪ್ರಿಂಗಿನ ಕಣ್ಣುಗಳನ್ನು ನೋಡಿ. ಚಕ್ರ ತಿರುಗುವ ಮೊದಲು ಆಕ್ಸಲ್ ಪಕ್ಕಕ್ಕೆ ಸರಿದರೆ, ಸ್ಪ್ರಿಂಗಿನ ತುದಿಯನ್ನು ಚಾಸಿಸ್‌ಗೆ ಜೋಡಿಸುವ ಶ್ಯಾಕಲ್ ಓರೆಯಾದರೆ ಬುಶ್ ಹೋಗಿದೆ. ಲಿವರ್ ಕೊಟ್ಟು ಮೀಟಿಯೂ ನೋಡಿ. ರಬ್ಬರ್ ಬುಶ್ ಬದಲಿಸಿದ ಮೇಲೆ ಗಾಡಿಯ ಪೂರ್ತಿ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಶ್ಯಾಕಲ್ ನಟ್ ಕೊನೆಯ ಬಿಗಿ ಕೊಡಿ. ಗಾಡಿ ನೇತಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬಹಳ ಹಳೆಯ ಜೀಪಿನ ಕಬ್ಬಿಣದ ಥ್ರೆಡ್ ಶ್ಯಾಕಲಿಗೆ ಗ್ರೀಸೇ ಜೀವ. ನಿಪ್ಪಲ್ ಮುಚ್ಚಿಹೋಗಿದ್ದರೆ ಹೊಸದು ಹಾಕಿ.

ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯು ಬೋಲ್ಟ್ ಸಡಿಲವಾದರೆ ಪ್ಲೇಟುಗಳ ನಡುವಿನ ಸೆಂಟರ್ ಬೋಲ್ಟ್ ಮೇಲೆ ಎಲ್ಲ ಒತ್ತಡ ಬಿದ್ದು ಅದು ತುಂಡಾಗುತ್ತದೆ. ಆಗ ಆಕ್ಸಲ್ ಹಿಂದಕ್ಕೋ ಮುಂದಕ್ಕೋ ಜರುಗುತ್ತದೆ. ಹಿಂದಿನ ಆಕ್ಸಲಿನಲ್ಲಿ ಹೀಗಾದರೆ ಗಾಡಿಗೆ ಹಿಂದಿನಿಂದಲೂ ಒಂದು ಸ್ಟೇರಿಂಗ್ ಇದ್ದಂತೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ ಗಾಡಿ ತಿರುಗಿದರೆ ನೇರ ಹಿಂದಿನ ಆಕ್ಸಲ್ ನೋಡಿ. ಮುಂಭಾಗದಲ್ಲೇ ತಿಂಗಳುಗಟ್ಟಲೆ ಹುಡುಕಿ ಸೋಲುವುದು ಇದನ್ನು ಮರೆತಾಗ. ಎಡ ಮುಂದಿನ ಹಬ್ಬಿನ ನಡುವಿನಿಂದ ಎಡ ಹಿಂದಿನ ಹಬ್ಬಿಗೆ, ಬಲಗಡೆಗೂ ಹಾಗೇ ಅಳೆಯಿರಿ. ಚಕ್ರ ನೇರವಿರಲಿ. ಎರಡರ ನಡುವೆ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಯಾವುದೋ ಆಕ್ಸಲ್ ಓರೆಯಾಗಿದೆ.

ಏಳನೆಯ ಹಂತ: ಟೋ ಮತ್ತು ಕ್ಯಾಸ್ಟರ್

ಸಡಿಲವೆಲ್ಲ ಹೋದ ಮೇಲೆ ಅಳತೆ. ಸಡಿಲ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಅಂಗಡಿಯ ಗೇಟು ದಾಟುವಷ್ಟರಲ್ಲಿ ಅಳತೆ ಬದಲಾಗಿರುತ್ತದೆ.

ಟೋ ಮನೆಯಲ್ಲೇ ನೋಡಬಹುದು. ಚಕ್ರ ಎತ್ತಿ, ಸುತ್ತುತ್ತಾ ಮೊಳೆಯಿಂದ ಟೈರಿನ ನಡುವೆ ಸಣ್ಣ ಗೆರೆ ಕೊರೆಯಿರಿ. ಎರಡೂ ಕಡೆ ಆದ ಮೇಲೆ ಇಳಿಸಿ, ಒಂದೆರಡು ಮೀಟರ್ ಮುಂದಕ್ಕೆ ತಳ್ಳಿ ಸ್ಪ್ರಿಂಗ್ ಕೂರಲು ಬಿಡಿ. ಆಕ್ಸಲ್ ಎತ್ತರದಲ್ಲಿ ಟೈರಿನ ಹಿಂಬದಿ ಗೆರೆಗಳ ಮೇಲೆ ಗುರುತು ಮಾಡಿ ಅಂತರ ಅಳೆಯಿರಿ. ಅದೇ ಗುರುತು ಮುಂಬದಿಗೆ ಬರುವಂತೆ ಗಾಡಿಯನ್ನು ಮುಂದಕ್ಕೆ ತಳ್ಳಿ ಮತ್ತೆ ಅಳೆಯಿರಿ. ಮುಂಬದಿಯ ಅಂತರ ಕಡಿಮೆ ಇರಬೇಕು. ಜಿಪ್ಸಿಗೆ ಈ ವ್ಯತ್ಯಾಸ 2ರಿಂದ 6 ಮಿ.ಮೀ., ವಿಲ್ಲಿಸ್ ವಿನ್ಯಾಸದ ಜೀಪಿಗೆ ಸುಮಾರು 1.2ರಿಂದ 2.4 ಮಿ.ಮೀ. ಮುಂಬದಿಯೇ ಹೆಚ್ಚಿದ್ದರೆ ಚಕ್ರಗಳು ಹೊರಕ್ಕೆ ನೋಡುತ್ತಿವೆ, ಗಾಡಿ ಖಂಡಿತ ಅಲೆದಾಡುತ್ತದೆ. ಟೈ ರಾಡ್ ತಿರುಗಿಸಿ ಸರಿಮಾಡಿ, ಲಾಕ್ ನಟ್ ಬಿಗಿಯಿರಿ.

ಕ್ಯಾಸ್ಟರ್ ಎಂದರೆ ಕಿಂಗ್ ಪಿನ್ನಿನ ತಲೆ ಹಿಂದಕ್ಕೆ ವಾಲಿರುವ ಕೋನ. ಸೈಕಲ್ಲಿನ ಮುಂದಿನ ಫೋರ್ಕ್ ವಾಲಿರುತ್ತದಲ್ಲ, ಹಾಗೆ. ಸ್ಟೇರಿಂಗನ್ನು ನೇರಕ್ಕೆ ತರುವ ಶಕ್ತಿ ಮುಖ್ಯವಾಗಿ ಇದರದೇ. ಜಿಪ್ಸಿಯಲ್ಲಿ ಇದು 3.5 ಡಿಗ್ರಿ, ಹಳೆ ಜೀಪಿನಲ್ಲಿ 3 ಡಿಗ್ರಿ. ಗಾಡಿ ಎತ್ತರಿಸಲು ಉದ್ದ ಶ್ಯಾಕಲ್ ಹಾಕಿಸಿದವರು ಇಲ್ಲಿ ಗಮನಿಸಿ. ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಮುಂತುದಿಯಲ್ಲಿದೆ. ಶ್ಯಾಕಲ್ ಉದ್ದವಾದಷ್ಟೂ ಆ ತುದಿ ಕೆಳಗಿಳಿದು ಆಕ್ಸಲಿನ ತಲೆ ಮುಂದಕ್ಕೆ ವಾಲುತ್ತದೆ. ಮೀಟರ್ ಉದ್ದದ ಸ್ಪ್ರಿಂಗಿನ ಒಂದು ತುದಿ 50 ಮಿ.ಮೀ. ಇಳಿದರೆ ಸುಮಾರು 3 ಡಿಗ್ರಿ ಹೋಯಿತು. ಉಳಿಯುವುದು ಅರ್ಧ ಡಿಗ್ರಿ! ಅಂಥ ಗಾಡಿಗೆ ಎಷ್ಟು ಹೊಸ ಬಿಡಿಭಾಗ ಹಾಕಿದರೂ ಓಲಾಟ ನಿಲ್ಲುವುದಿಲ್ಲ. ಹಳೆ ಶ್ಯಾಕಲ್ ಮರಳಿ ಹಾಕುವುದೇ ಸರಿಯಾದ ಮದ್ದು. ಎತ್ತರ ಬೇಕೇ ಬೇಕೆಂದರೆ ಸ್ಪ್ರಿಂಗು ಮತ್ತು ಆಕ್ಸಲ್ ನಡುವೆ ಉಕ್ಕಿನ ಓರೆ ಬೆಣೆ ಕೊಡಬೇಕು. ಆಕ್ಸಲ್ ಸ್ಪ್ರಿಂಗಿನ ಮೇಲೆ ಕೂತಿರುವ ಮೂಲ ಜೋಡಣೆಯಲ್ಲಿ ಬೆಣೆಯ ದಪ್ಪ ತುದಿ ಮುಂದಕ್ಕಿರಲಿ. ಅಲ್ಯೂಮಿನಿಯಂ ಬೆಣೆ ಒಡೆಯುತ್ತದೆ, ಬೇಡ. ಬೆಣೆಗೆ ತಕ್ಕಂತೆ ಉದ್ದದ ಸೆಂಟರ್ ಬೋಲ್ಟ್ ಹಾಕಿ. ಬೆಣೆ ಕೊಟ್ಟಾಗ ಮುಂದಿನ ಡಿಫರೆನ್ಷಿಯಲಿನ ಮೂತಿ ಕೆಳಕ್ಕೆ ಬಾಗುವುದರಿಂದ, ಫೋರ್ ವೀಲ್ ಹಾಕಿದಾಗ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್ ನಡುಗುತ್ತದೆಯೇ ಎಂದು ನೋಡಿಕೊಳ್ಳಿ. ಎರಡು ಮೂರು ಡಿಗ್ರಿಗಿಂತ ಹೆಚ್ಚು ಬೆಣೆಯಿಂದ ಸರಿಮಾಡಲು ಹೋಗಬೇಡಿ.

ಓಡಿಸಿ ನೋಡುವುದು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಓಡಿಸಿ, ಸ್ಟೇರಿಂಗ್ ಅಂಚಿನ ಆಟ ಎಷ್ಟು ಮಿ.ಮೀ. ಉಳಿಯಿತೆಂದು ಪುಸ್ತಕದಲ್ಲಿ ಬರೆದಿಡಿ. ಐದು ಕೆಲಸ ಒಟ್ಟಿಗೆ ಮಾಡಿಸಿ ಗಾಡಿ ಇನ್ನೂ ಕೆಟ್ಟರೆ ಯಾವುದು ಕೆಡಿಸಿತೆಂದು ಹುಡುಕುವುದು ಕಷ್ಟ. ಕೆಲಸವಾದ 200–300 ಕಿ.ಮೀ. ಒಳಗೆ ಯು ಬೋಲ್ಟ್, ಶ್ಯಾಕಲ್ ನಟ್, ಸ್ಟೇರಿಂಗ್ ಬಾಕ್ಸಿನ ಬೋಲ್ಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ಕೊಡಿ. ಹೊಸ ಪ್ಲೇಟು, ಹೊಸ ಬುಶ್ ಕೂತು ಸ್ವಲ್ಪ ಸಡಿಲವಾಗಿಯೇ ಇರುತ್ತವೆ. ಡ್ಯಾಂಪರ್ ಬಿಚ್ಚಿಟ್ಟಿದ್ದರೆ ಎಲ್ಲ ಸರಿಯಾದ ಮೇಲೆ ಕೊನೆಯಲ್ಲಿ ಮರಳಿ ಹಾಕಿ. ಮಳೆಗಾಲ ಮುಗಿದ ಕೂಡಲೇ ಕಿಂಗ್ ಪಿನ್ನಿನ ಸೀಲ್ ತೆಗೆದು ಒಳಗೆ ನೀರು, ಹಾಲಿನಂಥ ಬಿಳಿ ಗ್ರೀಸು ಕಾಣುತ್ತದೆಯೇ ನೋಡಿ. ಕಂಡರೆ ಪೂರ್ತಿ ಒರೆಸಿ ಹೊಸ ಗ್ರೀಸ್ ತುಂಬಿ, ಸೀಲ್ ಬದಲಿಸಿ.